ಗಡಿಯಲ್ಲಿ ದೇಹದ ಲೆಕ್ಕ

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ಅಮೆರಿಕದ ವಲಸೆ ಕೇಂದ್ರವಿತ್ತು. ಸುಮಾರು 1 ಕೋಟಿ 20 ಲಕ್ಷ ಜನ ಅದರ ಮೂಲಕ ಹಾದು ಆ ದೇಶ ಸೇರಿದರು. ಜನದಟ್ಟಣೆಯ ವರ್ಷಗಳಲ್ಲಿ ಹಡಗಿನಿಂದ ಇಳಿದವರು ಗಂಟುಮೂಟೆ ಸಮೇತ ಮೆಟ್ಟಿಲು ಹತ್ತಿ ಮೇಲಿನ ನೋಂದಣಿ ಹಜಾರಕ್ಕೆ ಹೋಗುತ್ತಿದ್ದರು. ತಪಾಸಣೆ ಅಲ್ಲೇ ಶುರುವಾಗಿದೆ ಎಂಬುದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರುತ್ತಿರಲಿಲ್ಲ. ಯಾರಿಗೆ ಏದುಸಿರು ಬರುತ್ತದೆ, ಯಾರು ಕಾಲೆಳೆದು ನಡೆಯುತ್ತಾರೆ ಎಂದು ವೈದ್ಯರು ನೋಡುತ್ತ ನಿಂತಿರುತ್ತಿದ್ದರು. ಅನುಮಾನ ಬಂದರೆ ಅವರ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆಯುತ್ತಿದ್ದರು. ಕುಂಟುವವರಿಗೆ ‘ಎಲ್’, ಬೆನ್ನಿನ ತೊಂದರೆಗೆ ‘ಬಿ’, ಕಣ್ಣಿಗೆ ‘ಇ’, ಹೃದಯಕ್ಕೆ ‘ಎಚ್’. ಒಬ್ಬೊಬ್ಬರಿಗೂ ಸಿಗುತ್ತಿದ್ದದ್ದು ಕೆಲವೇ ಸೆಕೆಂಡು. ಗುರುತು ಬಿದ್ದವರನ್ನು ಸಾಲಿನಿಂದ ಬೇರೆ ಮಾಡಿ ಇನ್ನೊಮ್ಮೆ ಪರೀಕ್ಷಿಸುತ್ತಿದ್ದರು. ತನ್ನನ್ನು ತಾನು ಸಾಕಿಕೊಳ್ಳಲಾಗದೆ ಸರ್ಕಾರದ ಮೇಲೆ ಬೀಳುವಂಥವರನ್ನು ಒಳಗೆ ಬಿಡಬಾರದೆಂದು 1882ರ ಕಾಯ್ದೆ ಹೇಳಿತ್ತು. ದುಡಿಮೆಗೆ ಅಡ್ಡಿಯಾಗಬಹುದಾದ ದೈಹಿಕ ಊನವೂ ತಡೆಯಲು ಕಾರಣವಾಗಬಹುದೆಂದು 1907ರ ಕಾಯ್ದೆ ಸೇರಿಸಿತು.

ಎಲ್ಲಿಸ್ ಕೇಂದ್ರ ತೆರೆಯುವುದಕ್ಕೆ ಮೂರು ವರ್ಷ ಮೊದಲು, 1889ರಲ್ಲಿ, ಬ್ರೆಸ್ಲಾವ್‌ನ ಯುವಕನೊಬ್ಬ ನ್ಯೂಯಾರ್ಕಿಗೆ ಬಂದಿಳಿದ. ಸಮಾಜವಾದಿ ಚಟುವಟಿಕೆಯಿಂದಾಗಿ ಜರ್ಮನಿ ಬಿಟ್ಟು ಜ್ಯೂರಿಕ್‌ಗೆ ಓಡಿ, ಅಲ್ಲಿಂದ ಹೊರಟು ಹಡಗು ಹತ್ತಿದ್ದ. ಎತ್ತರ ನಾಲ್ಕಡಿಯ ಆಸುಪಾಸು, ಹುಟ್ಟಿನಿಂದಲೇ ಗೂನು ಬೆನ್ನು, ಕೈಯಲ್ಲಿ ಹಣವಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ಅಧಿಕಾರಿಗಳು ವಾಪಸು ಕಳಿಸಲು ಹೊರಟಾಗ ಜೊತೆಗಿದ್ದ ಗೆಳೆಯ ಅವನ ಹೊಣೆ ಹೊತ್ತು ಒಳಗೆ ಬಿಡಿಸಿದನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಮುಂದೆ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್ ಎಂದು ಹೆಸರಾದವರು ಇವರೇ. ಪರ್ಯಾಯ ವಿದ್ಯುತ್ತಿನ ಲೆಕ್ಕಾಚಾರವನ್ನು ಸಾಮಾನ್ಯ ಎಂಜಿನಿಯರುಗಳ ಕೈಗೆ ಎಟುಕುವಂತೆ ಮಾಡಿದರು, ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ತಲೆಗಳಲ್ಲಿ ಒಬ್ಬರಾದರು. ಆದರೆ ಮೇಧಾವಿಯಾದದ್ದರಿಂದಲೇ ಅವರಿಗೆ ಪ್ರವೇಶ ಸಿಗಬೇಕಿತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅವರು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ಬದುಕು ಕಳೆದಿದ್ದರೂ ಆ ಸಾಲಿನಲ್ಲಿ ನಡೆದದ್ದು ತಪ್ಪೇ. ಅಧಿಕಾರಿಗಳು ಅವರ ಬೆನ್ನನ್ನು ನೋಡಿ ಅವರ ಬದುಕನ್ನು ಊಹಿಸಿದ್ದರು.

ಸೀಮೆಸುಣ್ಣ ಹೋಗಿ ಎಷ್ಟೋ ಕಾಲವಾಯಿತು. ಊಹೆ ಮಾತ್ರ ಕಾಯ್ದೆಗಳಲ್ಲಿ ಉಳಿದಿದೆ, ಈಗ ಹಣದ ಲೆಕ್ಕದಲ್ಲಿ. ಕರ್ನಾಟಕದಿಂದ ಬಹಳ ಮಂದಿ ಹೋಗುತ್ತಿರುವ ಕೆನಡಾವನ್ನೇ ಈ ಅಧ್ಯಾಯದಲ್ಲಿ ಮುಖ್ಯವಾಗಿ ನೋಡೋಣ.

‘ಅತಿಯಾದ ಹೊರೆ’ ಎಂಬ ತಡೆ

1869ರ ಕೆನಡಾ ಕಾಯ್ದೆ ಹಡಗಿನ ಕ್ಯಾಪ್ಟನ್ನರಿಗೆ ಒಂದು ಕೆಲಸ ಹೇಳಿತ್ತು: ಪ್ರಯಾಣಿಕರಲ್ಲಿ ಕುರುಡರು, ಕಿವುಡ-ಮೂಗರು, ಅಶಕ್ತರು ಯಾರಿದ್ದಾರೆ ಎಂದು ವರದಿ ಕೊಡಬೇಕು. 1976ರ ಕಾಯ್ದೆ ಈ ಪಟ್ಟಿಯನ್ನು ಕೈಬಿಟ್ಟು ಬೇರೊಂದು ಅಳತೆ ತಂದಿತು. ಒಬ್ಬ ವ್ಯಕ್ತಿಯಿಂದ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳ ಮೇಲೆ ‘ಅತಿಯಾದ ಹೊರೆ’ ಬೀಳುತ್ತದೆಯೇ ಎಂಬುದೇ ಆ ಅಳತೆ. ಈಗ ಜಾರಿಯಲ್ಲಿರುವ ವಲಸೆ ಕಾಯ್ದೆಯ 38ನೇ ಸೆಕ್ಷನ್ನಿನಲ್ಲೂ ಇದೇ ಇದೆ. ವೆಚ್ಚ ಅಂದಾಜಿಸುವ ಅವಧಿ ಸಾಮಾನ್ಯವಾಗಿ ಐದು ವರ್ಷ, ಖರ್ಚು ಆಮೇಲೂ ಮುಂದುವರಿಯುವ ಸಾಕ್ಷ್ಯವಿದ್ದರೆ ಹತ್ತು. ಇದರ ಬೆನ್ನಿಗೇ 42ನೇ ಸೆಕ್ಷನ್ ಇದೆ. ಕುಟುಂಬದ ಒಬ್ಬರು ಈ ಕಾರಣಕ್ಕೆ ಅನರ್ಹರಾದರೆ ಅರ್ಜಿ ಹಾಕಿದವರೂ ಅನರ್ಹರು. ತಂದೆಗೆ ನೌಕರಿ ಖಾತ್ರಿಯಾಗಿ, ತಾಯಿಗೆ ಓದು, ಅನುಭವ ಎಲ್ಲ ಇದ್ದರೂ ಮಗುವಿನ ಒಂದು ವರದಿ ಮನೆಮಂದಿಯನ್ನೆಲ್ಲ ತಡೆದು ನಿಲ್ಲಿಸಬಲ್ಲದು.

ಇದನ್ನು ದೊಡ್ಡ ಮಟ್ಟದಲ್ಲಿ ಪ್ರಶ್ನಿಸಿದವರು ಇಬ್ಬರು ತಂದೆಯರು. ದಕ್ಷಿಣ ಆಫ್ರಿಕಾದ ಹಿಲೆವಿಟ್ಜ್ ಹೂಡಿಕೆದಾರರಾಗಿ, ನೆದರ್ಲೆಂಡ್ಸಿನ ಡಿ ಯಾಂಗ್ ಸ್ವಉದ್ಯೋಗಿಯಾಗಿ ಅರ್ಜಿ ಹಾಕಿದ್ದರು. ಇಬ್ಬರ ಮನೆಯಲ್ಲೂ ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಒಂದೊಂದು ಮಗು. ಮಕ್ಕಳ ಖರ್ಚನ್ನು ತಾವೇ ನೋಡಿಕೊಳ್ಳುತ್ತೇವೆ, ಅದಕ್ಕೆ ಶಕ್ತಿಯೂ ಇದೆ ಎಂದು ಇಬ್ಬರೂ ಹೇಳಿದರು. ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಇಷ್ಟು ಸರ್ಕಾರಿ ಸೇವೆ ಬೇಕಾಗುತ್ತದೆ ಎಂದು ಅಧಿಕಾರಿಗಳು ಅರ್ಜಿ ತಳ್ಳಿಹಾಕಿದರು. 2005ರ ಅಕ್ಟೋಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ತಂದೆಯರ ಪರ ತೀರ್ಪು ಕೊಟ್ಟಿತು. ಕಾಯಿಲೆಯ ಹೆಸರನ್ನು ನೋಡಿ ಲೆಕ್ಕ ಹಾಕಬಾರದು. ಈ ಒಬ್ಬ ವ್ಯಕ್ತಿಗೆ, ಇವರ ಮನೆಯ ಪರಿಸ್ಥಿತಿಯಲ್ಲಿ, ನಿಜವಾಗಿ ಯಾವ ಸೇವೆ ಬೇಕಾದೀತು ಎಂದು ನೋಡಬೇಕು ಎಂಬುದು ಅದರ ತಿರುಳು.

ತೀರ್ಪು ಬರೆದವರು ನ್ಯಾಯಮೂರ್ತಿ ರೊಸಾಲಿ ಅಬೆಲ್ಲಾ. ಅವರು ಹುಟ್ಟಿದ್ದು 1946ರಲ್ಲಿ, ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿದ್ದ ನಿರಾಶ್ರಿತರ ಶಿಬಿರದಲ್ಲಿ. ಕೆನಡಾಕ್ಕೆ ಬಂದದ್ದು 1950ರಲ್ಲಿ, ನಿರಾಶ್ರಿತರ ಮಗುವಾಗಿ. 1984ರಲ್ಲಿ ಅವರು ಸರ್ಕಾರಕ್ಕೆ ಕೊಟ್ಟ ಉದ್ಯೋಗ ಸಮಾನತೆಯ ವರದಿ ಮಹಿಳೆಯರು, ಮೂಲನಿವಾಸಿಗಳು, ಬಿಳಿಯರಲ್ಲದವರ ಜೊತೆಗೆ ಅಂಗವಿಕಲರ ವಿಷಯವನ್ನೂ ಕೈಗೆತ್ತಿಕೊಂಡಿತ್ತು. ಹೊಸ ದೇಶಕ್ಕೆ ಬಂದು ಸೇರುವುದು ಏನೆಂದು ಬಲ್ಲವರ ಕೈಯಿಂದ ಈ ತೀರ್ಪು ಬಂತು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಆದರೂ ‘ಅತಿಯಾದ ಹೊರೆ’ ಎನ್ನಲು ಇಟ್ಟಿದ್ದ ವೆಚ್ಚದ ಮಿತಿ ಬಹಳ ಕೆಳಗಿತ್ತು. ವರ್ಷಕ್ಕೆ ಸುಮಾರು 6,650 ಡಾಲರಿಗಿಂತ ಹೆಚ್ಚು ಖರ್ಚು ಬಂದೀತೆಂದರೆ ಸಾಕು, ಬಾಗಿಲು ಮುಚ್ಚುತ್ತಿತ್ತು. ಈ ನಿಯಮವನ್ನೇ ತೆಗೆದುಹಾಕಿ ಎಂದು 2017ರ ಡಿಸೆಂಬರಿನಲ್ಲಿ ಸಂಸತ್ತಿನ ವಲಸೆ ಸಮಿತಿ ಶಿಫಾರಸು ಮಾಡಿತು. ಸರ್ಕಾರ ಅಷ್ಟು ದೂರ ಹೋಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಸಚಿವ ಅಹ್ಮದ್ ಹುಸೇನ್ ಮಿತಿಯನ್ನು ಮೂರು ಪಟ್ಟು ಏರಿಸಿದರು. ಅದು ಈಗ ವರ್ಷಕ್ಕೆ 27 ಸಾವಿರ ಡಾಲರ್ ದಾಟಿದೆ. ಜೊತೆಗೆ ವಿಶೇಷ ಶಿಕ್ಷಣ, ಪುನರ್ವಸತಿ ತರಬೇತಿ, ಸ್ನಾನ ಮಾಡಿಸಲು ಬಟ್ಟೆ ತೊಡಿಸಲು ಬರುವ ಸಹಾಯಕರ ಸೇವೆ ಇವೆಲ್ಲ ಲೆಕ್ಕದಿಂದ ಹೊರಗೆ ಬಂದವು. ದೈಹಿಕ ಅಂಗವೈಕಲ್ಯವಿರುವವರಿಗೆ ಈ ಎರಡನೆಯ ಬದಲಾವಣೆಯೇ ಹೆಚ್ಚು ಮುಖ್ಯ. ಪೋಲಿಯೊ ಆದವರು, ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು ಬಹುಮಟ್ಟಿಗೆ ಸ್ಥಿರ ಆರೋಗ್ಯದವರು. ಅವರ ಹೆಸರಲ್ಲಿ ಈಗ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಔಷಧ, ಆಸ್ಪತ್ರೆ, ನರ್ಸ್ ಅಥವಾ ಫಿಸಿಯೊಥೆರಪಿಸ್ಟ್ ಮನೆಗೆ ಬಂದು ಕೊಡುವ ಚಿಕಿತ್ಸೆ. ಹಾಗಾಗಿ ಹಲವರು ಮಿತಿಯೊಳಗೇ ಉಳಿಯುತ್ತಾರೆ. ನಿರಾಶ್ರಿತರಿಗೆ, ಕೆನಡಾದಲ್ಲಿರುವವರು ಕರೆಸಿಕೊಳ್ಳುವ ಗಂಡ, ಹೆಂಡತಿ ಮತ್ತು ಅವಲಂಬಿತ ಮಕ್ಕಳಿಗೆ ಈ ತಡೆಯಿಂದ ವಿನಾಯಿತಿ ಇದೆ. ತಂದೆತಾಯಿಗೆ ಇಲ್ಲ.

ಬೇರೆ ದೇಶಗಳದ್ದು ಬೇರೆ ಬೇರೆ ರೀತಿ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ತನ್ನ ವೆಚ್ಚದ ಮಿತಿಯನ್ನು 86 ಸಾವಿರ ಆಸ್ಟ್ರೇಲಿಯನ್ ಡಾಲರಿಗೆ ಏರಿಸಿತು. ಅಂಗವಿಕಲರ ವಿರುದ್ಧ ತಾರತಮ್ಯ ತಡೆಯುವ ಅಲ್ಲಿನ 1992ರ ಕಾಯ್ದೆ ವಲಸೆ ಕಾನೂನನ್ನು ತನ್ನ ವ್ಯಾಪ್ತಿಯಿಂದ ಇಂದಿಗೂ ಹೊರಗಿಟ್ಟಿದೆ. ಅಂಗವೈಕಲ್ಯ ಪಿಂಚಣಿಗೆ ವಲಸಿಗರು ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು. ಬ್ರಿಟನ್ನಿನಲ್ಲಿ ಇಂಥ ವೆಚ್ಚದ ಮಿತಿ ಇಲ್ಲ. ಆದರೆ ಹೆಚ್ಚಿನ ವೀಸಾಗಳಲ್ಲಿ ಕಾಯಂ ನೆಲೆ ಸಿಗುವವರೆಗೆ ಸರ್ಕಾರಿ ಭತ್ಯೆ ಮುಟ್ಟುವಂತಿಲ್ಲ ಎಂಬ ಷರತ್ತಿರುತ್ತದೆ.

ಕಾಗದಪತ್ರದ ಕೆಲಸ

ನಮ್ಮಲ್ಲಿ ಅಂಗವೈಕಲ್ಯವನ್ನು ಶೇಕಡಾವಾರು ಅಳೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿ, ಇತರ ಸೌಲಭ್ಯ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲೂ ಆ ಅಂಕಿ ಅಚ್ಚಾಗಿರುತ್ತದೆ. ವಲಸೆ ಅರ್ಜಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಶೇ 75 ಎಂದರೆ ಹೋಗುವ ದೇಶದ ವೈದ್ಯಾಧಿಕಾರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ: ಹಾಸಿಗೆಯಿಂದ ಕುರ್ಚಿಗೆ ತಾವೇ ದಾಟುತ್ತಾರೆಯೇ, ದಿನವೂ ತೆಗೆದುಕೊಳ್ಳುವ ಮಾತ್ರೆ ಯಾವುವು, ಈಚಿನ ವರ್ಷಗಳಲ್ಲಿ ಆಸ್ಪತ್ರೆ ಸೇರಿದ್ದುಂಟೇ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದೀತೇ. ಬಹಳ ಕಾಲದಿಂದ ನೋಡುತ್ತಿರುವ ಮೂಳೆತಜ್ಞರಿಂದಲೋ ಪುನರ್ವಸತಿ ವೈದ್ಯರಿಂದಲೋ ಇಷ್ಟನ್ನೂ ಒಂದೆರಡು ಪುಟದಲ್ಲಿ ಸ್ಪಷ್ಟವಾಗಿ ಬರೆಸಿಕೊಂಡು ತಪಾಸಣೆಗೆ ಹೋಗುವುದು ಜಾಣತನ. ತಪಾಸಣೆ ಮಾಡುವವರು ಆ ದೇಶ ಮಾನ್ಯ ಮಾಡಿದ ಇಲ್ಲಿನ ವೈದ್ಯರು. ಅವರು ವರದಿ ಕಳಿಸುತ್ತಾರೆ ಅಷ್ಟೇ, ತೀರ್ಮಾನ ಅವರದಲ್ಲ.

ಮುಚ್ಚಿಡುವ ಆಸೆ ಬರುವುದು ಸಹಜ. ಬೇಡ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಕೆನಡಾ ಐದು ವರ್ಷ ಒಳಗೆ ಬಿಡುವುದಿಲ್ಲ. ಹೊರೆಯ ಅನುಮಾನ ಬಂದಾಗ ಅಧಿಕಾರಿಗಳು ನೇರವಾಗಿ ನಿರಾಕರಿಸದೆ ಮೊದಲು ಪತ್ರ ಬರೆದು ಉತ್ತರ ಕೇಳಬೇಕು. ಈ ಪತ್ರ ಬಂದ ಕೂಡಲೇ ಕಥೆ ಮುಗಿಯಿತೆಂದು ಕೈಚೆಲ್ಲುವವರಿದ್ದಾರೆ. ಹಿಲೆವಿಟ್ಜ್ ತೀರ್ಪು ಕೆಲಸಕ್ಕೆ ಬರುವುದು ಇಲ್ಲಿಯೇ. ಅಂದಾಜಿಸಿದ ಸೇವೆ ನಮಗೆ ಬೇಕಿಲ್ಲ ಎಂದು ವೈದ್ಯರಿಂದ ಬರೆಸಬಹುದು, ಔಷಧಕ್ಕೆ ಕಂಪನಿಯ ವಿಮೆ ಇದೆ ಎಂದು ತೋರಿಸಬಹುದು, ದುಬಾರಿ ಔಷಧದ ಬದಲು ಕಡಿಮೆ ಬೆಲೆಯದು ಸಾಕೆಂದು ವಾದಿಸಬಹುದು.

ವಿಮಾನದಲ್ಲಿ, ಹಿಮದಲ್ಲಿ

ವೀಸಾ ಬಂದ ಮೇಲಿನ ಮೊದಲ ದೊಡ್ಡ ಆತಂಕ ಗಾಲಿಕುರ್ಚಿಯದು. ವಿಮಾನದ ಬಾಗಿಲಲ್ಲಿ ಅದನ್ನು ತೆಗೆದುಕೊಂಡು ಸರಕಿನ ಜೊತೆ ಕೆಳಗೆ ಹಾಕುತ್ತಾರೆ, ಪ್ರಯಾಣಿಕರನ್ನು ಇಕ್ಕಟ್ಟಾದ ಪಟ್ಟಿಕುರ್ಚಿಯಲ್ಲಿ ಸೀಟಿನವರೆಗೆ ಒಯ್ಯುತ್ತಾರೆ. ಟಿಕೆಟ್ ಮಾಡಿಸುವಾಗಲೇ ಯಾವ ಸಹಾಯ ಎಂದು ಸರಿಯಾಗಿ ದಾಖಲಿಸಬೇಕು: ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಆಗದವರಿಗೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ಎತ್ತಿ ಒಯ್ಯಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಒಂದಕ್ಷರ ತಪ್ಪಿದರೆ ಬೇರೆಯದೇ ಸಹಾಯ ಬಂದು ನಿಲ್ಲುತ್ತದೆ. ಬ್ಯಾಟರಿ ಕುರ್ಚಿಯಾದರೆ ಬ್ಯಾಟರಿಯ ಬಗೆ, ಶಕ್ತಿ ಮೊದಲೇ ತಿಳಿಸಬೇಕು. ಕೂರುವ ದಿಂಬನ್ನೂ ಬಿಚ್ಚಬಹುದಾದ ಜಾಯ್‌ಸ್ಟಿಕ್ಕನ್ನೂ ಕೆಳಗೆ ಹಾಕಲು ಬಿಡದೆ ಕೈಯಲ್ಲೇ ಇಟ್ಟುಕೊಳ್ಳಿ. ಸ್ಪರ್ಶಜ್ಞಾನವಿಲ್ಲದವರಿಗೆ ಹದಿನೈದು ಗಂಟೆಯ ಹಾರಾಟದಲ್ಲಿ ಆ ದಿಂಬೇ ಒತ್ತುಹುಣ್ಣಿನಿಂದ ಕಾಪಾಡುವುದು. ಚಾರ್ಜರಿನ ಹಿಂದಿನ ಚೀಟಿ ಓದಿ. ನಮ್ಮದು 230 ವೋಲ್ಟ್, ಕೆನಡಾದ್ದು 120.

ಊರಿನಲ್ಲಿ ನಮಗೆ ಇಳಿಜಾರಿಲ್ಲದಿದ್ದರೂ ಜನ ಇದ್ದರು. ಬ್ಯಾಂಕಿನ ಮೆಟ್ಟಿಲಿಗೆ ಇಬ್ಬರು ಕೈಹಾಕಿ ಎತ್ತುತ್ತಿದ್ದರು, ಪರಿಚಯದ ಆಟೊದವರು ಗೇಟಿನವರೆಗೆ ಬರುತ್ತಿದ್ದರು, ಅಣ್ಣನೋ ಅಮ್ಮನೋ ಕರೆದರೆ ಸಾಕಿತ್ತು. ಟೊರಾಂಟೊದಲ್ಲಿ ಬಸ್ಸು ತಾನೇ ಬಾಗಿ ಇಳಿಜಾರು ಚಾಚುತ್ತದೆ. 1954ರಲ್ಲಿ ಲಿಫ್ಟ್ ಇಲ್ಲದೆ ಶುರುವಾದ ಸುರಂಗ ರೈಲಿನ ನಿಲ್ದಾಣಗಳಿಗೆ 1990ರ ದಶಕದಿಂದ ಒಂದೊಂದಾಗಿ ಲಿಫ್ಟ್ ಹಾಕುತ್ತ ಬಂದಿದ್ದಾರೆ. ಮನೆ ಬಾಗಿಲಿಗೆ ಬರುವ ವ್ಹೀಲ್-ಟ್ರಾನ್ಸ್ ಗಾಡಿಗೂ ಬಸ್ಸಿನ ದರವೇ. ಆದರೆ ಮೊದಲು ಅರ್ಜಿ ಹಾಕಿ ಅರ್ಹತೆ ಪಡೆಯಬೇಕು, ಗಾಡಿಯನ್ನು ಮುಂಚಿತವಾಗಿ ಕಾದಿರಿಸಬೇಕು. ಯಾರ ಮುಖವನ್ನೂ ನೋಡದೆ ಒಬ್ಬರೇ ಓಡಾಡುವ ಸುಖ ಎಷ್ಟೆಂದು ಅದು ಸಿಕ್ಕವರಿಗೇ ಗೊತ್ತು. ಎಲ್ಲವನ್ನೂ ಒಬ್ಬರೇ ಏರ್ಪಾಟು ಮಾಡಿಕೊಳ್ಳಬೇಕಾದ ದಣಿವೂ ಅದರ ಜೊತೆಗೇ ಇದೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮದ ಪಾಠ. ಹಿಮ ತಳ್ಳುವ ಯಂತ್ರ ರಸ್ತೆ ತೆರವು ಮಾಡುತ್ತ ಬದಿಯಲ್ಲಿ ಒಂದು ದಿಣ್ಣೆ ಬಿಟ್ಟುಹೋಗುತ್ತದೆ. ಅದು ಬೀಳುವುದು ಹೆಚ್ಚಾಗಿ ಫುಟ್‌ಪಾತಿನಿಂದ ರಸ್ತೆಗೆ ಇಳಿಯಲು ಮಾಡಿದ ಇಳಿಜಾರಿನ ಬಾಯಲ್ಲೇ. ನಡೆಯುವವರು ದಾಟಿ ಹೋಗುತ್ತಾರೆ, ಕುರ್ಚಿಯ ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಳ್ಳುತ್ತದೆ. ಊರುಗೋಲಿನವರು ಅದರ ತುದಿಗೆ ಹಲ್ಲಿರುವ ಲೋಹದ ತುಂಡು ಹಾಕಿಸಿಕೊಳ್ಳುತ್ತಾರೆ, ಒಳಗೆ ಬಂದ ತಕ್ಷಣ ಮಡಚುತ್ತಾರೆ. ಇಲ್ಲದಿದ್ದರೆ ನಯವಾದ ನೆಲದ ಮೇಲೆ ಅದೇ ಜಾರುತ್ತದೆ. ಬಾಡಿಗೆ ಮನೆ ಹುಡುಕುವಾಗ ಬಾಗಿಲಿನಿಂದ ಬಸ್ ನಿಲ್ದಾಣದವರೆಗಿನ ಹಿಮ ಯಾರು ತೆಗೆಯುತ್ತಾರೆ ಎಂದು ಕೇಳಲೇಬೇಕು.

ಹೊಸ ಸಾಧನ ಬೇಕೆಂದರೆ ಒಂಟಾರಿಯೊ ಪ್ರಾಂತ್ಯ ಗಾಲಿಕುರ್ಚಿ, ಕೃತಕ ಕಾಲು ಮುಂತಾದವುಗಳ ಬೆಲೆಯಲ್ಲಿ ಶೇ 75 ಭರಿಸುತ್ತದೆ. ಅದಕ್ಕೆ ಅಲ್ಲಿನ ಆರೋಗ್ಯ ಕಾರ್ಡ್ ಬೇಕು, ನೋಂದಾಯಿತ ಥೆರಪಿಸ್ಟ್ ಅಳತೆ ನೋಡಿ ಬರೆದುಕೊಡಬೇಕು. ತೆರಿಗೆ ವಿನಾಯಿತಿಗೆ ಟಿ2201 ಎಂಬ ನಮೂನೆ ಇದೆ. 2025ರ ಜುಲೈನಿಂದ ದುಡಿಯುವ ವಯಸ್ಸಿನ, ಕಡಿಮೆ ಆದಾಯದ ಅಂಗವಿಕಲರಿಗೆ ತಿಂಗಳಿಗೆ ಸುಮಾರು 200 ಡಾಲರ್‌ವರೆಗೆ ಕೊಡುವ ಕೇಂದ್ರ ಯೋಜನೆಗೂ ಆ ನಮೂನೆ ಮಂಜೂರಾಗಿರಬೇಕು. ಅದನ್ನು ಅಲ್ಲಿನ ವೈದ್ಯಕೀಯ ವೃತ್ತಿಯವರೊಬ್ಬರು ತುಂಬಿ ಸಹಿ ಮಾಡಬೇಕು, ಹೊಸಬರಿಗೆ ಕುಟುಂಬ ವೈದ್ಯರು ಸಿಗುವುದೇ ತಡ. ಆದ್ದರಿಂದ ಅಲ್ಲಿ ಹೋಗಿಳಿದ ವಾರದಲ್ಲೇ ಆರೋಗ್ಯ ಕಾರ್ಡಿಗೆ ಅರ್ಜಿ ಹಾಕಿ, ಅದು ಬಂದ ದಿನವೇ ವೈದ್ಯರಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ. ಊರಿನ ವೈದ್ಯರು ಬರೆದುಕೊಟ್ಟ ಆ ಎರಡು ಪುಟ ಅಲ್ಲಿಯೂ ಬೇಕಾಗುತ್ತದೆ.