‘ಗಿಂತ’ದ ಲೆಕ್ಕ

ಇಂಡಿ ತಾಲ್ಲೂಕಿನ ಸಾಲೋಟಗಿಗೆ ನಾಡಿನ ವಿದ್ಯಾಚರಿತ್ರೆಯಲ್ಲಿ ಹಿರಿಯ ಸ್ಥಾನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅವರಿಗಾಗಿ 27 ವಸತಿಗಳಿದ್ದುವೆಂದೂ 945ರ ಶಾಸನದಿಂದ ತಿಳಿಯುತ್ತದೆ. ಗುರುವಿನ ಮಾತು ಶಿಷ್ಯನಿಗೆ ತಿಳಿಯಬೇಕೆಂಬ ನಿಯಮ ಅಂದಿಗೂ ಇಂದಿಗೂ ಒಂದೇ. ಲೆಕ್ಕದ ಪಾಠಕ್ಕೂ ಅದು ಸಲ್ಲುತ್ತದೆ.

ನಿಂಬೆಗೆ ಹೆಸರಾದ ಈ ಸೀಮೆಗೆ ಒಪ್ಪುವ ಲೆಕ್ಕವೊಂದನ್ನು ನೋಡೋಣ. ‘ಬಸವನ ಬಳಿ 8 ನಿಂಬೆಹಣ್ಣುಗಳಿವೆ. ಅವು ಗೌರಿಯ ಹಣ್ಣುಗಳಿಗಿಂತ 3 ಹೆಚ್ಚು. ಗೌರಿಯ ಬಳಿ ಎಷ್ಟು?’ ಅನೇಕ ಮಕ್ಕಳು 11 ಎನ್ನುತ್ತಾರೆ. ಕೂಡುವುದು, ಕಳೆಯುವುದು ಬಾರದೆಂದಲ್ಲ. ‘ಹೆಚ್ಚು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕೂಡಿಬಿಡುತ್ತಾರೆ. ಯಾರಿಗಿಂತ ಯಾರದು ಹೆಚ್ಚೆಂದು ತಿಳಿಸುವ ‘ಗಿಂತ’ದತ್ತ ಗಮನ ಹರಿಯುವುದಿಲ್ಲ. ತೊಡಕು ಲೆಕ್ಕದ್ದಲ್ಲ, ವ್ಯಾಕರಣದ್ದು.

ಹಡ್ಸನ್ ಎಂಬ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಹಕ್ಕಿ ಮತ್ತು ಹುಳುಗಳ ಚಿತ್ರ ತೋರಿಸಿ, ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದಾಗ ತಡವರಿಸಿದ ಎಳೆಯರು, ‘ಎಷ್ಟು ಹಕ್ಕಿಗಳಿಗೆ ಹುಳು ಸಿಗದು?’ ಎಂದಾಗ ಸುಲಭವಾಗಿ ಉತ್ತರಿಸಿದರು.

ಆದುದರಿಂದ ಮೊದಲು ಹುಣಿಸೆಬೀಜಗಳನ್ನು ಎರಡು ಸಾಲಾಗಿ ಇಡಿಸಿ, ಒಂದಕ್ಕೊಂದು ಜೊತೆಗೂಡಿಸಬೇಕು. ಜೊತೆಯಿಲ್ಲದೆ ಉಳಿದುದೇ ‘ಹೆಚ್ಚು’. ಬಳಿಕ ಮಾತನ್ನು ತಿರುಗಿಸಿ ಹೇಳಿಸಬೇಕು: ಬಸವನಿಗೆ 3 ಹೆಚ್ಚೆಂದರೆ ಗೌರಿಗೆ 3 ಕಡಿಮೆ. ಆಗ 5 ತಾನಾಗಿ ದೊರೆಯುತ್ತದೆ. ವಾಕ್ಯದಲ್ಲಿ ಎಡವಿದ ಮಗುವನ್ನು ಲೆಕ್ಕದಲ್ಲಿ ದಡ್ಡನೆಂದು ಕರೆದರೆ, ಅದು ಲೆಕ್ಕವನ್ನೇ ತೊರೆದೀತು.