ದೇವರನ್ನು ಸೃಷ್ಟಿಸಿದವರು ಯಾರು?

ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಕೇಳುವ ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸಬಾರದು. ಜನವರಿ 28ರಂದು ನಾವು ಹಬ್ಬ ಆಚರಿಸುವ ಸಂತ ತೋಮಸ್ ಅಕ್ವಿನಾಸರು (ಮರಣ 1274) ಇದಕ್ಕೆ ದಾರಿ ತೋರಿದ್ದಾರೆ. ಎಲ್ಲಕ್ಕೂ ಕಾರಣ ಬೇಕೆಂದು ಅವರು ಹೇಳಲಿಲ್ಲ. ಮತ್ತೊಂದನ್ನು ಆಶ್ರಯಿಸಿ ಇರುವುದಕ್ಕೆ ಮಾತ್ರ ಕಾರಣ ಬೇಕೆಂದರು.

ಪಾಸ್ಖ ಜಾಗರಣೆಯಲ್ಲಿ ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳುತ್ತೇವೆ. ಎಲ್ಲರೂ ಪಕ್ಕದವರತ್ತ ಬತ್ತಿ ಚಾಚುವವರೇ ಆದರೆ ದೇವಾಲಯ ಕತ್ತಲಲ್ಲೇ ಉಳಿದೀತು. ಎಲ್ಲೋ ಬೆಂಕಿ ಇರಲೇಬೇಕು. ಹಾಗೆಯೇ, ಇರುವಿಕೆಯನ್ನೇ ಎರವಲು ಪಡೆದ ಸೃಷ್ಟಿಗೆ, ತಮ್ಮಿಂದ ತಾವೇ ಇರುವವರೊಬ್ಬರು ಬೇಕು. ಅವರೇ ದೇವರು. ಅವರ ಇರುವಿಕೆ ಯಾರಿಂದಲೂ ಪಡೆದದ್ದಲ್ಲ. ಆದ್ದರಿಂದ ಅವರಿಗೆ ಸೃಷ್ಟಿಕರ್ತ ಬೇಕಿಲ್ಲ.

ನಮ್ಮ ಈ ಕ್ಷಣದ ಉಸಿರೂ ಅವರ ಕೊಡುಗೆ. ಇದನ್ನರಿತು ಕೃತಜ್ಞರಾಗಿ ಬಾಳೋಣ. ಆಮೆನ್.