ಸಕ್ಕರೆ ಕಾಯಿಲೆಯೂ ರೋಗಿಯ ಮನಸ್ಸೂ

ನಮ್ಮ ಊರುಗಳ ಮದುವೆ, ಉಪನಯನ, ಗೃಹಪ್ರವೇಶಗಳ ಊಟದ ಪಂಕ್ತಿಯಲ್ಲಿ ಈಗ ಒಂದು ನೋಟ ಸಾಮಾನ್ಯವಾಗಿದೆ. ಪಾಯಸದ ಸೌಟು ಬಂದೊಡನೆ ಎಲೆಗೆ ಕೈ ಅಡ್ಡ ಹಿಡಿಯುವವರು ಸಾಲಿನಲ್ಲಿ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. "ಒಂದು ಸೌಟಿನಿಂದ ಏನಾಗುತ್ತದೆ ಭಾವಾ, ಮನೆಗೆ ಹೋಗಿ ಒಂದು ಮಾತ್ರೆ ಹೆಚ್ಚು ನುಂಗಿದರಾಯಿತು" ಎಂದು ಬಡಿಸುವವರ ಒತ್ತಾಯ. "ಎಷ್ಟಿದೆ ಶುಗರು?" ಎಂದು ಪಕ್ಕದ ಎಲೆಯವರ ವಿಚಾರಣೆ. ಉತ್ತರವಾಗಿ ಒಂದು ಅಂಕಿ ಹೊರಬೀಳುತ್ತದೆ. ಕೇಳಿದವರು ತಮ್ಮ ಅಂಕಿಯನ್ನೂ ಹೇಳುತ್ತಾರೆ. ಮಾತು ಅಡಿಕೆಯ ಧಾರಣೆಯತ್ತ ತಿರುಗುತ್ತದೆ. ಆ ಅಂಕಿಯನ್ನು ಹೊತ್ತವರು ತಮಗೆ ಬಂದ ಕಾಯಿಲೆಯನ್ನು ಏನೆಂದು ತಿಳಿದುಕೊಂಡಿದ್ದಾರೆ, ಅದರಿಂದ ಅವರ ಮನಸ್ಸು ಹೇಗಿದೆ ಎಂದು ಕೇಳುವವರು ಮಾತ್ರ ಇಲ್ಲವೆನ್ನಬೇಕು.

ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಕಳೆದ ನಾಲ್ಕು ದಶಕಗಳ ಸಂಶೋಧನೆಯ ಬೆಂಬಲವೂ ಇದೆ.

ಕಾಯಿಲೆಯ ಹರಹನ್ನು ಮೊದಲು ಹೇಳಿಬಿಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. 20 ವರ್ಷ ದಾಟಿದವರಲ್ಲಿ ದೇಶದ ಸರಾಸರಿ ಶೇಕಡಾ 11.4 ಆದರೆ ಕೇರಳದ್ದು 25.5. ಗೋವಾ ಮತ್ತು ಪುದುಚೇರಿಗಳು ಮಾತ್ರ ಕೇರಳಕ್ಕಿಂತ ತುಸು ಮುಂದಿವೆ. ಪ್ರಾಯಕ್ಕೆ ಬಂದ ನಾಲ್ಕು ಮಂದಿ ಜಗಲಿಯಲ್ಲಿ ಕುಳಿತರೆ ಅವರಲ್ಲಿ ಒಬ್ಬರಿಗೆ ಎಂದಾಯಿತು.

ರೋಗಿ ಡಾಕ್ಟರರ ಬಳಿಗೆ ಬರಿಗೈಯಲ್ಲಿ ಹೋಗುವುದಿಲ್ಲ, ಕಾಯಿಲೆಯ ಬಗ್ಗೆ ತನ್ನದೇ ಒಂದು ತಿಳುವಳಿಕೆಯನ್ನು ಕಟ್ಟಿಕೊಂಡೇ ಹೋಗುತ್ತಾನೆ ಎಂದು 1980ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂತಾಲ್ ಮತ್ತು ಅವರ ಸಂಗಡಿಗರು ವಿವರಿಸಿದರು. ಇದರ ಹೆಸರೇನು, ಯಾಕೆ ಬಂತು, ಎಷ್ಟು ಕಾಲ ಇರುತ್ತದೆ, ನನ್ನನ್ನು ಏನು ಮಾಡುತ್ತದೆ, ತಡೆಯಲು ನನ್ನಿಂದಾಗಲಿ ಮದ್ದಿನಿಂದಾಗಲಿ ಆದೀತೇ ಎಂಬ ಪ್ರಶ್ನೆಗಳಿಗೆ ಪ್ರತಿಯೊಬ್ಬ ರೋಗಿಯೂ ತನಗೆ ತೋಚಿದ ಉತ್ತರಗಳನ್ನು ಇಟ್ಟುಕೊಂಡಿರುತ್ತಾನೆ. ಉತ್ತರ ಸರಿಯೋ ತಪ್ಪೋ, ಅವನ ನಡೆ ಆ ಉತ್ತರಕ್ಕೆ ತಕ್ಕಂತೆಯೇ ಇರುತ್ತದೆ. ಮದ್ದಿನ ಚೀಟಿಯಲ್ಲಿ ಬರೆದದ್ದು ಅದರ ಅನಂತರದ ಮಾತು.

ಹೆಸರಿನಿಂದಲೇ ಆರಂಭಿಸೋಣ. ನಮ್ಮಲ್ಲಿ ಹಿಂದೆ ಸಿಹಿಮೂತ್ರ ರೋಗ ಎನ್ನುತ್ತಿದ್ದರು. ಪುಸ್ತಕದ ಮಾತು ಮಧುಮೇಹ, ಮನೆಯ ಮಾತು ಸಕ್ಕರೆ ಕಾಯಿಲೆ, ಇಂದಿನವರಿಗೆ ಬರಿಯ ಶುಗರ್. ಕೇರಳದ ಆಸ್ಪತ್ರೆಯ ಗೋಡೆಯಲ್ಲಿ ಕಾಣುವುದು 'ಪ್ರಮೇಹಂ'. ಮಲಯಾಳದಲ್ಲಿ ಅದು ಯಾವ ಸಂಕೋಚವೂ ಇಲ್ಲದ ದಿನಬಳಕೆಯ ಶಬ್ದ. ಆದರೆ ಹಳೆಯ ಕನ್ನಡ ಪತ್ರಿಕೆಗಳ ಮದ್ದಿನ ಜಾಹೀರಾತುಗಳನ್ನು ಓದಿ ಬೆಳೆದ ನಮ್ಮ ಹಿರಿಯರ ಕಿವಿಗೆ 'ಪ್ರಮೇಹ' ಎಂದರೆ ನಾಲ್ಕು ಜನರೆದುರು ಹೇಳಬಾರದ ಗುಪ್ತರೋಗ. ಸಂಸ್ಕೃತದಿಂದ ಬಂದ ಒಂದೇ ಶಬ್ದ ಎರಡು ಭಾಷೆಗಳಲ್ಲಿ ಎರಡು ಮುಖ ತಾಳಿದ್ದು ಭಾಷಾಪ್ರಿಯರಿಗೆ ಕುತೂಹಲದ ವಿಷಯವಾದೀತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಕೈಗೆ ಆ ಹೆಸರಿನ ಚೀಟಿ ಬಂದರೆ ಅದು ಕುತೂಹಲವಾಗಿ ಉಳಿಯುವುದಿಲ್ಲ.

ಯಾಕೆ ಬಂತು ಎಂಬ ಪ್ರಶ್ನೆ ಇನ್ನೂ ಹೆಚ್ಚು ಕಾಡುವಂಥದ್ದು. ಸಿಹಿ ತಿಂದವರಿಗೆ ಸಕ್ಕರೆ ಕಾಯಿಲೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕಾಯಿಲೆ ಬಂದಿತೆಂದರೆ ನಾಲಿಗೆಯ ಚಪಲಕ್ಕೆ ದೊರೆತ ಶಿಕ್ಷೆ ಎಂದೇ ನೆರೆಕರೆಯವರ ತೀರ್ಪು. ಸುಶ್ರುತ ಸಂಹಿತೆ ಕೂಡ ಈ ಕಾಯಿಲೆಯನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿತ್ತೆಂಬುದನ್ನು ಈ ತೀರ್ಪುಗಾರರು ನೆನೆಯುವುದು ಒಳ್ಳೆಯದು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಅದಕ್ಕೂ ಮಗು ತಿಂದ ಮಿಠಾಯಿಗೂ ಸಂಬಂಧವಿಲ್ಲ. ದೊಡ್ಡವರ ಬಗೆಯಲ್ಲಿ ವಂಶದ ಪಾಲು ದೊಡ್ಡದು. ಅದರೊಂದಿಗೆ ದೇಹದ ತೂಕ, ಪ್ರಾಯ, ಮೈಗೆಲಸ ಕಡಿಮೆಯಾದ ಬದುಕು ಇವೆಲ್ಲ ಸೇರುತ್ತವೆ. ಊಟದ ಪಾತ್ರ ಇಲ್ಲವೆಂದಲ್ಲ. ಆದರೆ 'ನಾನೇ ಮಾಡಿಕೊಂಡದ್ದು' ಎಂದು ಕೊರಗುವವರು ಆ ಕೊರಗಿನಿಂದ ಪಥ್ಯವನ್ನು ಹೆಚ್ಚು ಚೆನ್ನಾಗಿ ಪಾಲಿಸುತ್ತಾರೆಂದು ಭಾವಿಸುವುದು ಸರಿಯಲ್ಲ. ಕೊರಗುವವರು ಡಾಕ್ಟರರಿಂದ ಸತ್ಯವನ್ನು ಬಚ್ಚಿಡುತ್ತಾರೆ, ಪರೀಕ್ಷೆಯ ಹಿಂದಿನ ಎರಡು ದಿನ ಅರೆಹೊಟ್ಟೆಯಲ್ಲಿರುತ್ತಾರೆ. ಹಾಗೆ ಗಳಿಸಿದ ಒಳ್ಳೆಯ ಅಂಕಿ ಯಾರ ಉಪಯೋಗಕ್ಕೂ ಬಾರದು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದಂತೂ ಈ ಉಪಾಯ ನಡೆಯುವುದಿಲ್ಲ.

ಇನ್ನು ಕಾಲದ ಪ್ರಶ್ನೆ. ಜ್ವರ ಬರುತ್ತದೆ, ಹೋಗುತ್ತದೆ. ಕಾಯಿಲೆಯೆಂದರೆ ಇಷ್ಟೇ ಎಂಬ ಕಲ್ಪನೆಯಿಂದ ಸಕ್ಕರೆ ಕಾಯಿಲೆಯನ್ನು ನೋಡುವವರು ಬಹಳ. ನ್ಯೂಯಾರ್ಕ್ ನಗರದ ಬಡ, ಅಲ್ಪಸಂಖ್ಯಾತ ರೋಗಿಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತದಲ್ಲಿ ಸಕ್ಕರೆ ಏರಿದರೆ ತಮಗೆ ಗೊತ್ತಾಗುತ್ತದೆ ಎಂದಿದ್ದರು. ಡಾಕ್ಟರರು ಇದನ್ನು ಪೂರ್ತಿ ಗುಣಪಡಿಸುತ್ತಾರೆ ಎಂದು ನಂಬಿದವರೂ ಸಾಕಷ್ಟಿದ್ದರು. ನ್ಯೂಯಾರ್ಕಿನವರ ಮಾತು ನಮ್ಮ ಬದಿಯಡ್ಕ, ಪೆರ್ಲ, ಮಂಜೇಶ್ವರಗಳಲ್ಲಿ ಕೇಳಿದಂತೆಯೇ ಇಲ್ಲವೇ? "ಈಗ ಏನೂ ಇಲ್ಲ, ಹಾಗಾಗಿ ಮದ್ದು ಬಿಟ್ಟಿದ್ದೇನೆ" ಎನ್ನುವ ಪರಿಚಿತರು ಯಾರಿಗಿಲ್ಲ? ಹಾಗಲಕಾಯಿಯ ರಸ ಕುಡಿದು ಕಹಿಯಿಂದ ಸಿಹಿಯನ್ನು ಕಳೆದೆವೆಂದು ನೆಮ್ಮದಿಯಾಗಿರುವವರೂ ಇದ್ದಾರೆ. ಆದರೆ ಏರಿದ ಸಕ್ಕರೆ ಬಹುಕಾಲ ಯಾವ ನೋವನ್ನೂ ಕೊಡುವುದಿಲ್ಲ. ಕೊಡುವ ಬದಲು ನೋವಿನ ಅರಿವನ್ನೇ ಕಸಿದುಕೊಳ್ಳುತ್ತದೆ. ಪಾದದ ನರಗಳು ಸೊರಗಿದವರು ಬರಿಗಾಲಿನಲ್ಲಿ ತೋಟಕ್ಕಿಳಿದು ಮುಳ್ಳು ಹೊಕ್ಕರೂ ತಿಳಿಯದೆ, ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದದ್ದನ್ನು ನೋಡಿ ತಿಳಿಯಬೇಕಾಗುತ್ತದೆ. ನೋವಿಲ್ಲದ್ದರಿಂದ ಕಾಯಿಲೆಯಿಲ್ಲ ಎಂಬ ತರ್ಕ ಇಲ್ಲಿ ಕಾಲನ್ನೇ ಬಲಿ ಕೇಳುತ್ತದೆ.

ಇಂಥ ತಿಳುವಳಿಕೆಗೂ ರೋಗಿಯ ಸುಖದುಃಖಕ್ಕೂ ಇರುವ ನಂಟನ್ನು ಅಳೆದು ನೋಡಿದವರಿದ್ದಾರೆ. ಹಲವು ಬಗೆಯ ಕಾಯಿಲೆಗಳ ಕುರಿತ 45 ಅಧ್ಯಯನಗಳನ್ನು ಒಟ್ಟುಗೂಡಿಸಿ ಹ್ಯಾಗರ್ ಮತ್ತು ಓರ್ಬೆಲ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಚಿತ್ರ ಸ್ಪಷ್ಟವಾಗಿದೆ. ಕಾಯಿಲೆಯನ್ನು ಹತೋಟಿಯಲ್ಲಿಡಲು ಸಾಧ್ಯ ಎಂದು ತಿಳಿದವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು, ಮೈಯಲ್ಲಿ ಉತ್ಸಾಹವೂ ಹೆಚ್ಚಿತ್ತು. ಇದು ನನ್ನ ಬಾಳನ್ನೇ ನುಂಗಿತು ಎಂದುಕೊಂಡವರು ಕುಗ್ಗಿದ್ದರು. ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು. ಕುಗ್ಗಿದ್ದರಿಂದ ಹಾಗೆ ತೋರಿತೋ, ಹಾಗೆ ತೋರಿದ್ದರಿಂದ ಕುಗ್ಗಿದರೋ ಎಂಬುದು ಇಂಥ ಲೆಕ್ಕದಿಂದ ತಿಳಿಯುವುದಿಲ್ಲ. ನಿಜಕ್ಕೂ ಕಾಯಿಲೆ ಬಲಿತವರು ಭಯಪಟ್ಟರೆ ಅದು ಭ್ರಮೆಯಲ್ಲ. ಧೈರ್ಯವಾಗಿರಿ ಎಂದು ಬೆನ್ನು ತಟ್ಟಿ ಕಳುಹಿಸಿದರೆ ಸಕ್ಕರೆ ಇಳಿಯುತ್ತದೆಂದು ಯಾರೂ ತಿಳಿಯಬಾರದು. ಏನೂ ಆಗಿಲ್ಲವೆಂದು ನಗುತ್ತ ತಿರುಗುವವರ ನಗು ಹತೋಟಿಯ ಗುರುತೂ ಅಲ್ಲ.

ಮಧುಮೇಹಿಗಳಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು 2001ರಲ್ಲಿ ಬಂದ ಒಂದು ವಿಮರ್ಶೆ ಲೆಕ್ಕ ಹಾಕಿತ್ತು. ಖಿನ್ನತೆಯೆಂದು ಕರೆಯಲಾಗದ, ಆದರೆ ದಿನದಿನವೂ ಕೊರೆಯುವ ಇನ್ನೊಂದು ಸಂಕಟವಿದೆ. ಅದು ಈ ಕಾಯಿಲೆಯೊಂದಿಗೆ ಬಾಳುವ ಆಯಾಸ. ಅದನ್ನು ಅಳೆಯಲೆಂದೇ ಅಮೆರಿಕದ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ 20 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ನಮ್ಮ ಮನೆಗಳಲ್ಲಿ ಈ ಆಯಾಸವನ್ನು ಹೆಚ್ಚಿಸುವವರು ಅನೇಕ ವೇಳೆ ಪ್ರೀತಿಪಾತ್ರರೇ. ಬಟ್ಟಲಲ್ಲಿ ಕುಚ್ಚಿಲಕ್ಕಿಯ ಅನ್ನ ಎಷ್ಟಿದೆ ಎಂದು ಮಗ ನೋಡುತ್ತಾನೆ. ಸಕ್ಕರೆಯ ಡಬ್ಬಿಯನ್ನು ಸೊಸೆ ಮೇಲಿನ ಹಲಗೆಗೆ ಏರಿಸುತ್ತಾಳೆ. "ಅಪ್ಪ, ನಿಮಗೆ ಬೇಡ" ಎಂಬ ಮಾತು ದಿನಕ್ಕೆ ಐದು ಸಲ. ನಲವತ್ತು ವರ್ಷ ಮನೆಯ ಯಜಮಾನಿಕೆ ನಡೆಸಿದವರು ತಮ್ಮ ಎಲೆಯ ಮೇಲಿನ ಹಕ್ಕನ್ನೇ ಕಳೆದುಕೊಂಡಾಗ ಅವರಿಗೆ ಏನನಿಸೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮನೆಯ ಹೆಂಗಸಿಗೆ ಕಾಯಿಲೆಯಾದರೆ ಕಾವಲಿನ ಕಾಟವಿಲ್ಲ, ಬೇರೆಯದೇ ಕಷ್ಟವಿದೆ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಹೊತ್ತು ಮೀರಿ ಉಣ್ಣುವ ಆಕೆಗೆ ಹೊತ್ತಿಗೆ ಸರಿಯಾಗಿ ಊಟ ಎಂಬ ಡಾಕ್ಟರರ ಸಲಹೆಯೇ ನಗೆಪಾಟಲು.

ಇನ್ಸುಲಿನ್ ಬಗ್ಗೆ ನಮ್ಮವರ ಕಲ್ಪನೆಯನ್ನು ಪ್ರತ್ಯೇಕವಾಗಿ ಹೇಳಬೇಕು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲೆಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಲಾಯಿತು. ಎಲುಬು ಗೂಡಾಗಿ ಸಾವಿನಂಚಿನಲ್ಲಿದ್ದ ಆ ಹುಡುಗ ಬದುಕಿದ. ಸತ್ತೇಹೋಗುತ್ತಿದ್ದ ಮಕ್ಕಳನ್ನು ಉಳಿಸಲು ಬಂದ ಮದ್ದು ನಮ್ಮಲ್ಲಿ ಹೇಗೋ ಕೊನೆಗಾಲದ ಮದ್ದೆಂಬ ಹೆಸರು ಪಡೆದಿದೆ. "ಇನ್ಸುಲಿನ್‌ಗೆ ಬಂತಂತೆ" ಎಂದು ದನಿ ತಗ್ಗಿಸಿ ಹೇಳುವುದನ್ನು ಕೇಳಿದವರಿಗೆ ಇದು ತಿಳಿದೀತು. ಭಾರತವೂ ಸೇರಿದಂತೆ 13 ದೇಶಗಳಲ್ಲಿ 2001ರಲ್ಲಿ ನಡೆದ ಡಾನ್ ಎಂಬ ಅಧ್ಯಯನದಲ್ಲಿ, ಇನ್ಸುಲಿನ್ ಇನ್ನೂ ಆರಂಭಿಸದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದರ ಆತಂಕವಿತ್ತು. ಮದ್ದು, ಪಥ್ಯ ಪಾಲಿಸದಿದ್ದರೆ ಸೂಜಿ ಹಾಕಬೇಕಾದೀತು ಎಂದು ಹೆದರಿಸುವ ಪದ್ಧತಿಯೂ ಇದಕ್ಕೆ ಒಂದು ಕಾರಣವಿರಬೇಕು. ಹಾಗೆ ಹೆದರಿದವರು ಮುಂದೆ ಅದು ಬೇಕಾದಾಗ ತಾವು ಸೋತೆವೆಂದೇ ತಿಳಿಯುತ್ತಾರೆ. ವರ್ಷಗಳು ಕಳೆದಂತೆ ದೇಹದಲ್ಲಿ ಇನ್ಸುಲಿನ್ ಉತ್ಪತ್ತಿ ತಾನಾಗಿ ಕುಗ್ಗುವುದು ಈ ಕಾಯಿಲೆಯ ಸ್ವಭಾವ ಎಂದು ಮೊದಲ ದಿನವೇ ಹೇಳಿದ್ದರೆ ಈ ದುಃಖ ಬಹಳಷ್ಟು ತಪ್ಪುತ್ತಿತ್ತು.

ಹೇಳುವುದರಿಂದ ಏನಾದರೂ ಆಗುತ್ತದೆಯೇ? ಬ್ರಿಟನ್ನಿನಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 824 ಮಂದಿಯನ್ನು ಸೇರಿಸಿಕೊಂಡು ನಡೆಸಿ 2008ರಲ್ಲಿ ಪ್ರಕಟಿಸಿದ ಡೆಸ್ಮಂಡ್ ಎಂಬ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಇವರಲ್ಲಿ ಒಂದು ಪಾಲಿಗೆ ಆರು ಗಂಟೆಗಳ ಗುಂಪು ಪಾಠ ದೊರೆಯಿತು. ಭಾಷಣದ ಬದಲು, ನಿಮ್ಮ ಕಾಯಿಲೆಯ ಬಗ್ಗೆ ನೀವೇನು ತಿಳಿದಿದ್ದೀರಿ ಎಂಬಲ್ಲಿಂದ ತೊಡಗುವ ಮಾತುಕತೆ ಅದು. ಒಂದು ವರ್ಷದ ಬಳಿಕ ನೋಡಿದರೆ ರಕ್ತದ ಅಂಕಿಯಲ್ಲಿ ಪಾಠ ಕೇಳಿದವರಿಗೂ ಕೇಳದವರಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ಪಾಠ ಕೇಳಿದವರ ತೂಕ ಹೆಚ್ಚು ಇಳಿದಿತ್ತು, ಅವರಲ್ಲಿ ಬೀಡಿ ಸಿಗರೇಟು ಬಿಟ್ಟವರು ಹೆಚ್ಚಿದ್ದರು, ಕಾಯಿಲೆಯ ತಿಳುವಳಿಕೆ ತಿಳಿಯಾಗಿತ್ತು, ಖಿನ್ನತೆಯೂ ಕಡಿಮೆಯಿತ್ತು. ಅಂಕಿಯನ್ನು ಮಾತ್ರ ನೋಡುವವರು ಈ ಪ್ರಯೋಗ ವಿಫಲ ಎಂದಾರು. ನಾವು ಹಾಗೆನ್ನಲಾರೆವು. ಆರು ಗಂಟೆಯ ಮಾತಿನಿಂದ ಒಂದು ವರ್ಷದ ಮನೋಭಾರ ಇಳಿಯುವುದು ಸಣ್ಣ ಸಂಗತಿಯಲ್ಲ.

ಆದರೆ ಅದು ಮಾತಿನಿಂದ ಆದ ಕೆಲಸ, ರೋಗಿಗೆ ತಿಳಿಯುವ ಮಾತಿನಿಂದ. ನಮ್ಮ ಸಮಸ್ಯೆ ಇಲ್ಲಿಯೇ ಇರುವುದು. ಈ ನಾಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಕಿರಿಯರು ಮಲಯಾಳ ಕಲಿತಿದ್ದಾರೆ, ಆಸ್ಪತ್ರೆಯಲ್ಲಿ ವ್ಯವಹರಿಸಬಲ್ಲರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಡುವ ಹಿರಿಯರಲ್ಲಿ ಅನೇಕರು ಮಲಯಾಳವನ್ನು ಕೇಳಿ ಅಷ್ಟಿಷ್ಟು ತಿಳಿಯಬಲ್ಲರೇ ಹೊರತು ಓದಲಾರರು. "ಎಲ್ಲಿ ನೋವು" ಎಂಬ ಪ್ರಶ್ನೆಗೆ ಅರೆಮಲಯಾಳದಲ್ಲಿ ಉತ್ತರ ಹೇಳಬಹುದು. "ನನಗೆ ಹೆದರಿಕೆಯಾಗುತ್ತದೆ", "ಬದುಕು ಸಾಕೆನಿಸಿದೆ" ಎಂಬ ಮಾತು ಕಲಿತ ಭಾಷೆಯಲ್ಲಿ ಹೊರಡುವುದಿಲ್ಲ. ಅದಕ್ಕಾಗಿಯೇ ಹಲವರು ತಾಸುಗಟ್ಟಲೆ ಬಸ್ಸಿನಲ್ಲಿ ಕುಳಿತು ಮಂಗಳೂರಿನ ಡಾಕ್ಟರರಲ್ಲಿಗೆ ಹೋಗುತ್ತಾರೆ. 2020ರ ಮಾರ್ಚಿ ಕೊನೆಯಲ್ಲಿ ಕೊರೋನಾದ ಕಾರಣ ತಲಪಾಡಿಯ ದಾರಿ ಮುಚ್ಚಿದಾಗ ಆ ನೆಚ್ಚಿಕೆ ಎಷ್ಟು ತೆಳುವಾದದ್ದೆಂದು ಎಲ್ಲರಿಗೂ ಗೊತ್ತಾಯಿತು.

ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಈ ಕಾಯಿಲೆಗೆ ತಪಾಸಣೆಯೂ ಮದ್ದೂ ದೊರೆಯುತ್ತವೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯರಲ್ಲಿ ಕನ್ನಡ, ತುಳು ಬಲ್ಲವರಿದ್ದಾರೆ. ಅವರೊಡನೆ ಶುಗರ್ ಎಷ್ಟು ಎಂಬುದನ್ನು ಮಾತ್ರ ಹೇಳಿ ಮುಗಿಸದೆ ಮನಸ್ಸಿನಲ್ಲಿ ಇರುವ ಸಂಶಯವನ್ನೂ ಹೇಳಬೇಕು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದು 1969ರ ಕೇರಳದ ಆಡಳಿತ ಭಾಷಾ ಕಾಯಿದೆ ಒಪ್ಪಿದೆ. ಅರ್ಜಿಗೆ ಸಲ್ಲುವ ಭಾಷೆ ಮದ್ದಿನ ಮಾತಿಗೂ ಸಲ್ಲಬೇಕೆಂದು ಕೇಳುವುದರಲ್ಲಿ ಅತಿಯಾಸೆ ಏನಿದೆ? ದಿನವೂ ಪಾದ ನೋಡಿಕೊಳ್ಳುವ ಕ್ರಮ, ಇನ್ಸುಲಿನ್ ಚುಚ್ಚುವ ಜಾಗವನ್ನು ಬದಲಿಸುತ್ತಿರುವುದು, ಮೈ ಬೆವರಿ ನಡುಗಿದಾಗ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು, ಈ ಮೂರು ವಿಷಯಗಳಾದರೂ ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಹಾಳೆಯಾಗಿ ನಮ್ಮ ಪಂಚಾಯತುಗಳ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲೂ ಸಿಗುವಂತಾಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಲು ನಮ್ಮ ಓದುಗರಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.